ಅಮೆರಿಕದಲ್ಲಿ ಮನೆಗೆ ಆಫರ್ ಹಾಕ್ತಿದೀರಾ? ಲೋನ್ ಲೆಟರ್ ಹಂಗಂಗೇ ಕಳಿಸ್ಬೇಡಿ

ಊರಲ್ಲಿ ಸೈಟ್ ನೋಡೋಕೆ ಹೋದಾಗ ಕೈಲೆಷ್ಟಿದೆ ಅಂತ ಮಾರೋರ ಮುಂದೆ ಯಾರಾದ್ರೂ ಬಾಯಿ ಬಿಡ್ತಾರಾ? ಇಲ್ಲಿಗೆ ಬಂದ್ಮೇಲೆ ನಾವು ಆ ಬುದ್ಧೀನೇ ಮರ್ತು, ಲೆಂಡರ್ (ಸಾಲ ಕೊಡೋರು) ಕೊಟ್ಟ ಪ್ರೀ-ಅಪ್ರೂವಲ್ ಲೆಟರ್‌ನ, ಅಂದ್ರೆ ಇವ್ರಿಗೆ ಇಷ್ಟರವರೆಗೆ ಸಾಲ ಕೊಡಬಹುದು ಅನ್ನೋ ಪತ್ರಾನ, ಆಫರ್ ಜೊತೆ ಹಂಗೇ ಅಟ್ಯಾಚ್ ಮಾಡಿ ಕಳಿಸಿಬಿಟ್ವಿ. ಲೆಟರಲ್ಲಿದ್ದಿದ್ದು 6.5 ಲಕ್ಷ ಡಾಲರ್, ನಾವು ಹಾಕಿದ್ದು 5.9. ಸಂಜೆ ಹೊತ್ತಿಗೆ ಮಾರೋರಿಂದ ಕೌಂಟರ್ (ಅವ್ರು ಕೇಳೋ ಬೆಲೆ) ಬಂತು ನೋಡಿ, 6.3! ನಮ್ ಜೇಬು ನಾವೇ ತೆರೆದು ತೋರಿಸಿದ್ಮೇಲೆ ಅವ್ರನ್ನ ಏನ್ ಅನ್ನೋದು.

ಅದಕ್ಕೆ ಪ್ರತಿ ಆಫರ್‌ಗೂ ಲೋನ್ ಆಫೀಸರ್‌ಗೆ ಒಂದ್ ಮೆಸೇಜ್ ಹಾಕಿ, ಆ ಮನೆ ಅಡ್ರೆಸ್ಸು ಇದ್ದು, ಮೊತ್ತ ನೀವು ಹಾಕೋ ಬೆಲೆಗಿಂತ ಹೆಚ್ಚಿಲ್ಲದ ಹಾಗೆ ಬೇರೆ ಲೆಟರ್ ಮಾಡಿಸ್ಕೊಳಿ, ಹೊಸ ಅರ್ಜಿ ಏನೂ ಬೇಡ, ಮೊತ್ತ ಬದ್ಲಾಯಿಸಿ ಕೊಡ್ತಾರೆ ಅಷ್ಟೆ. ಆದ್ರೆ ಆಫರ್ ಹಾಕೋದೆಲ್ಲ ಶನಿವಾರ ಭಾನುವಾರಾನೇ ಆಗೋದು, ಆವಾಗ ಫೋನ್ ಎತ್ತೋ ಆಫೀಸರ್ರಾ ಅಂತ ಮೊದ್ಲೇ ಕೇಳ್ಕೊಳಿ. ಮಾರೋರ ಏಜೆಂಟ್ ಕೂಡ ಆ ಆಫೀಸರ್‌ಗೇ ಫೋನ್ ಮಾಡಿ ವಿಚಾರಿಸೋದುಂಟು.

ಲೆಟರಲ್ಲಿ ಕ್ರೆಡಿಟ್, ಸಂಬಳ, ಬ್ಯಾಂಕಲ್ಲಿರೋ ದುಡ್ಡು ಎಲ್ಲಾ ಪರಿಶೀಲಿಸಿದೀವಿ ಅನ್ನೋ ಸಾಲು ಇರ್ಲಿ. ನೀವು ಬಾಯಲ್ಲಿ ಹೇಳಿದ್ದನ್ನೇ ನಂಬಿ ಕೊಟ್ಟ ಪತ್ರಕ್ಕೆ ನಾಲ್ಕು ಆಫರ್ ಮಧ್ಯೆ ಅಷ್ಟಾಗಿ ಬೆಲೆ ಸಿಗಲ್ಲ.

ಪೇ ಸ್ಟಬ್ (ಸಂಬಳದ ಚೀಟಿ), ಟ್ಯಾಕ್ಸ್ ರಿಟರ್ನ್, ವೀಸಾ ಕಾಗದ ಇವೆಲ್ಲ ಲೆಂಡರ್‌ಗೆ ಮಾತ್ರ, ಮಾರೋರಿಗೆ ಯಾಕೆ ಬೇಕು? ಪ್ರೂಫ್ ಆಫ್ ಫಂಡ್ಸ್ (ಕೈಯಲ್ಲಿ ದುಡ್ಡಿದೆ ಅನ್ನೋ ಪುರಾವೆ) ಕೇಳಿದ್ರೆ ಡೌನ್ ಪೇಮೆಂಟು, ಕ್ಲೋಸಿಂಗ್ ಖರ್ಚಿಗೆ (ಖರೀದಿ ಮುಗಿಸೋವಾಗಿನ ಫೀಸುಗಳು) ಸಾಕಾಗೋ ಒಂದು ಅಕೌಂಟಿನ ಸ್ಟೇಟ್‌ಮೆಂಟ್ ಕೊಡಿ, ನಂಬರಲ್ಲಿ ಕೊನೇ 4 ಅಂಕಿ ಬಿಟ್ಟು ಮಿಕ್ಕಿದ್ದು ಮುಚ್ಚಿ. ನಾನು ಪಿಡಿಎಫ್ ಮೇಲೆ ಕಪ್ಪು ಡಬ್ಬ ಎಳೆದು ಕಳಿಸಿದ್ದೆ, ಮೌಸಲ್ಲಿ ಎಳೆದು ಕಾಪಿ ಮಾಡಿದ್ರೆ ಅಡಿಯಲ್ಲಿರೋ ನಂಬರ್ ಪೂರ್ತಿ ಬರ್ತಿತ್ತು! ಪ್ರಿಂಟ್ ತೆಗೆದು ಮಾರ್ಕರಲ್ಲಿ ಬಳಿದು ಸ್ಕ್ಯಾನ್ ಮಾಡೋದೇ ವಾಸಿ.

ಎಚ್-1ಬಿ ಮೇಲಿರೋರು ಲೆಟರ್ ಯಾವ ಲೋನಿಂದು ನೋಡ್ಕೊಳಿ. 2025ರ ಮೇ 25ರಿಂದ ಗ್ರೀನ್ ಕಾರ್ಡ್ ಇಲ್ದೋರಿಗೆ ಎಫ್‌ಎಚ್‌ಎ ಲೋನ್ (ಸರ್ಕಾರದ ವಿಮೆ ಇರೋ ಲೋನ್) ಇಲ್ಲ, ಕನ್ವೆನ್ಷನಲ್ ಲೋನ್ (ಸರ್ಕಾರದ ವಿಮೆ ಇಲ್ಲದ ಮಾಮೂಲಿ ಲೋನ್) ಸಿಗತ್ತೆ. ಊರಿಂದ ಅಪ್ಪ ದುಡ್ಡು ಕಳಿಸ್ತಾರೆ ಅಂದ್ರೆ ಗಿಫ್ಟ್ ಲೆಟರ್ (ಇದು ಸಾಲ ಅಲ್ಲ, ವಾಪಸ್ ಕೊಡ್ಬೇಕಿಲ್ಲ ಅನ್ನೋ ಪತ್ರ) ಬೇಕು, ಅದನ್ನ ಆಫರ್ ಒಪ್ಪಿದ್ಮೇಲೆ ಹೇಳೋಣ ಅಂತ ಇಟ್ಕೋಬೇಡಿ, ಲೆಂಡರ್‌ಗೆ ಮೊದಲ ದಿನಾನೇ ಹೇಳಿ.

ಲೆಟರಿಗೆ ಸಾಮಾನ್ಯವಾಗಿ 60ರಿಂದ 90 ದಿನ ಆಯಸ್ಸು. ಆಫರ್ ಕಳಿಸೋ ಮುಂಚೆ ತಾರೀಖು ನೋಡಿ, ಮುಗಿದಿದ್ರೆ ಹೊಸ ಪೇ ಸ್ಟಬ್ ಕೊಟ್ಟು ರಿನ್ಯೂ ಮಾಡಿಸ್ಕೊಳಿ.