ಮಾಳಿಗೆ ಮೇಲಿಂದ ಲೋಂಗೇವಾಲಾ

ಬೀದರಿನ ಮಕ್ಕಳಿಗೆ ವಿಮಾನ ಹೊಸದಲ್ಲ. ವಾಯುನೆಲೆ ಊರಿಗೆ ಅಂಟಿಕೊಂಡೇ ಇದೆ. ಪಾಠದ ನಡುವೆ ‘ಹಾಕ್’ ತರಬೇತಿ ವಿಮಾನ ಹಾದುಹೋದರೆ ನಾನೇ ಮಾತು ನಿಲ್ಲಿಸಿ ಕಾಯುತ್ತೇನೆ. ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣ್ ಹೊಗೆ ಬಿಟ್ಟು ತಿರುಗಿತೋ, ಆ ಪೀರಿಯಡ್ ಮುಗಿದಂಗೆ!

ಹೋದ ಡಿಸೆಂಬರ್‌ನಲ್ಲಿ 1971ರ ಯುದ್ಧ ಹೇಳುವಾಗ, ‘ಪೈಲಟ್ ಧೈರ್ಯ ಅಂದ್ರೆ ಏನು?’ ಅಂತ ಕೇಳಿದೆ. ‘ಜೋರಾಗಿ ಹಾರೋದ್ರೀ ಸರ್’ ಅಂದರು. ಸರಿ, ನೋಡೇಬಿಡೋಣ ಅನ್ನಿಸಿತು.

ಶಾಲೆ ಹಿಂದೆ ಕೆಂಪು ಮಣ್ಣು ಹರಡಿ, ಆ ಯುದ್ಧದಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳು ನುಗ್ಗಿ ಬಂದ ರಾಜಸ್ಥಾನದ ಗಡಿ ಠಾಣೆ ಲೋಂಗೇವಾಲಾ ಮಾಡಿದೆವು. ಮಣ್ಣು ಮೆತ್ತಿದ ಬೆಂಕಿಪೊಟ್ಟಣಗಳು ಪಾಕಿಸ್ತಾನದ ಟ್ಯಾಂಕ್. ಹುಣಸೆ ಬೀಜಗಳು ಠಾಣೆ ಕಾಯುತ್ತಿದ್ದ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಸುಮಾರು 120 ಜನ. ಮಾಳಿಗೆ ಮೇಲೆ ಓಡುವ ಹುಡುಗ ನಮ್ಮ ವಾಯುಪಡೆಯ ಹಂಟರ್ ಯುದ್ಧವಿಮಾನ. ಅವನ ಕೈಯಲ್ಲಿನ ಸೀಮೆಸುಣ್ಣದ ತುಂಡೇ ರಾಕೆಟ್. ಎದೆಮಟ್ಟದ ಗೋಡೆ ಇದ್ದ ಮಾಳಿಗೆ ಅದು, ಇಲ್ಲದಿದ್ದರೆ ಹತ್ತಿಸುತ್ತಿರಲಿಲ್ಲ. ನಿಲ್ಲುವಂತಿಲ್ಲ, ಓಡುತ್ತಲೇ ಹಾಕಬೇಕು.

ಮೊದಲ ಓಟದ ಸೀಮೆಸುಣ್ಣ ಸೀದಾ ಹುಣಸೆ ಬೀಜಗಳ ಮೇಲೆ ಬಿತ್ತು. ನಾಲ್ಕು ಬೀಜ ಚೆಲ್ಲಾಪಿಲ್ಲಿ. ಯಾರೂ ನಗಲಿಲ್ಲ. ‘ನಮ್ಮವ್ರ್ ಯಾರು, ಅವ್ರ್ ಯಾರು, ತಿಳೀವಲ್ದ್ರೀ ಸರ್’ ಅಂದ ಹುಡುಗ. ಕೆಂಪು ಮಣ್ಣಿನಲ್ಲಿ ಎರಡೂ ಒಂದೇ ಬಣ್ಣ ನೋಡಿ.

ಆಗ ಮೇಜರ್ ಆತ್ಮಾ ಸಿಂಗ್ ಅವರ ಕಥೆ ಹೇಳಿದೆ. ಅವರು ಭೂಸೇನೆಯ ಪೈಲಟ್. ಹಾರಿಸುತ್ತಿದ್ದದ್ದು ಕೃಷಕ್, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಪುಟ್ಟ ವಿಮಾನ. ವೇಗ ಗಂಟೆಗೆ ಇನ್ನೂರು ಕಿಲೋಮೀಟರ್ ಆಸುಪಾಸು, ಅಷ್ಟೇ. ಅದರಲ್ಲಿ ರಣರಂಗದ ಮೇಲೆ ಸುತ್ತುತ್ತಾ, ಟ್ಯಾಂಕ್ ಎಲ್ಲಿದೆ ಅಂತ ಹಂಟರ್‌ಗಳಿಗೆ ರೇಡಿಯೋದಲ್ಲಿ ಹೇಳಿದರು. ಹಂಟರ್ ಹೊಡೆದು ಹಾರಿಹೋಗುತ್ತದೆ. ಈ ಮನುಷ್ಯ ಅಲ್ಲೇ ಸುತ್ತಬೇಕು ಅಲ್ವಾ? ನನ್ನ ಲೆಕ್ಕದಲ್ಲಿ ಅವತ್ತಿನ ದೊಡ್ಡ ಎದೆಗಾರಿಕೆ ಇದೇ. ಆದರೆ ಲೋಂಗೇವಾಲಾ ಅಂದ ಕೂಡಲೇ ಜನರಿಗೆ ನೆನಪಾಗೋದು ಹಂಟರ್ ಮಾತ್ರ.

ಎರಡನೇ ಸಲ ಒಬ್ಬ ಹುಡುಗಿಯನ್ನು ಆತ್ಮಾ ಸಿಂಗ್ ಮಾಡಿ ಮಾಳಿಗೆಯ ಗೋಡೆ ಪಕ್ಕ ನಿಲ್ಲಿಸಿದೆ. ಕೆಳಗಿನವರು ಅವಳಿಗೆ ಕಾಗದದ ಉಂಡೆ ಎಸೆಯಬಹುದು. ಅವಳು ಬಗ್ಗುವಂತಿಲ್ಲ. ‘ಕಲ್ಲಿನ ಎಡಕ್ಕೆ, ಎರಡು ಗೇಣು’ ಅನ್ನುವಷ್ಟರಲ್ಲಿ ಒಂದು ಉಂಡೆ ಕಿವಿಗೆ ಬಡಿಯಿತು. ಕಣ್ಣು ಮುಚ್ಚಿ ತೆರೆದಳು, ‘ಇನ್ನಾ ಮುಂದ, ಮುಂದ, ಈಗ ಹಾಕು!’ ಬೆಂಕಿಪೊಟ್ಟಣ ಉರುಳಿತು. ಅಲ್ಲಿಂದ ಆರಕ್ಕೆ ನಾಲ್ಕು ಗುರಿ ಸರಿಯಾಗಿ ಬಿದ್ದವು.

ಪೊಟ್ಟಣ ಎಳೆದ ಗೆರೆ ಮಣ್ಣಲ್ಲಿ ಉಳಿದಿದೆ, ಅದರ ತುದಿ ಹುಡುಕಿದರೆ ಸಾಕು ಅಂತ ಇನ್ನೊಬ್ಬಳು ಅಂದಳು. ನಾನು ಹೇಳಿಕೊಟ್ಟದ್ದಲ್ಲ! ವಿಮಾನದಿಂದ ತೆಗೆದ ಲೋಂಗೇವಾಲಾದ ಫೋಟೋಗಳಲ್ಲಿ ಮರಳ ಮೇಲೆ ಟ್ಯಾಂಕ್ ಸುತ್ತಾಡಿದ ಗುರುತುಗಳು ಹಾಗೇ ಕಾಣುತ್ತವೆ.

ನಾನೊಂದು ತಪ್ಪು ಮಾಡಿದೆ. ಆಟ ಶುರುವಾದ ತಕ್ಷಣ ವಿಮಾನ ಬಿಟ್ಟೆ. ನಿಜವಾಗಿ ಹಂಟರ್‌ಗಳಿಗೆ ಕತ್ತಲಲ್ಲಿ ದಾಳಿ ಮಾಡುವ ಸಾಧನ ಇರಲಿಲ್ಲ. ಡಿಸೆಂಬರ್ 5ರ ಬೆಳಕು ಹರಿಯುವವರೆಗೆ ಕೆಳಗಿನವರೇ ತಡೆದು ನಿಲ್ಲಬೇಕಾಯಿತು. ಈ ವರ್ಷ ಮೊದಲ ಹತ್ತು ನಿಮಿಷ ಮಾಳಿಗೆ ಖಾಲಿ ಇಡುತ್ತೇನೆ. ಪೊಟ್ಟಣಗಳು ಒಂದೊಂದೇ ಗೇಣು ಮುಂದೆ ಬರಲಿ, ಹುಣಸೆ ಬೀಜದ ಕಡೆಯ ಮಕ್ಕಳು ಸುಮ್ನೆ ಮೇಲೆ ನೋಡುತ್ತಾ ಕೂರಲಿ.