ಕಸದ ಗುಡ್ಡದ ಗಾಳಿಯನ್ನು ಮರದ ಉಂಗುರಗಳಲ್ಲಿ ಓದುವುದು

ಕಸದ ಗುಡ್ಡದ ಅಂಚಿನಲ್ಲಿದ್ದ ಸಣಕಲು ತೇಗವೊಂದನ್ನು ತೋರಿಸಿ, ‘ಹೊಗೆ ಮಾಡಿದ ಕೆಲಸ ಇದು’ ಎಂದು ವಿದ್ಯಾರ್ಥಿಗಳಿಗೆ ಹೇಳಿಬಿಟ್ಟಿದ್ದೆ. ಬುಡ ಅಗೆದು ನೋಡಿದರೆ ಮಣ್ಣು ಕಪ್ಪಗಿತ್ತು, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಹೂತ ಕಸ ಕೊಳೆತಾಗ ಹುಟ್ಟುವ ಅನಿಲದಲ್ಲಿ ಸುಮಾರು ಅರ್ಧ ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಅದು ನೆಲದಡಿಯಲ್ಲೇ ಪಕ್ಕಕ್ಕೆ ಹರಿದು ಮಣ್ಣಿನ ಆಮ್ಲಜನಕವನ್ನು ಹೊರದಬ್ಬುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ. ಆ ಮರ ಸೊರಗಿದ್ದು ಗಾಳಿಯಿಂದಲೋ ನೆಲದಿಂದಲೋ ಹೇಳಲು ನನ್ನ ಬಳಿ ದಾರಿಯೇ ಇರಲಿಲ್ಲ. ಅಂದಿನಿಂದ ಮರ ಆರಿಸುವುದಕ್ಕೇ ಹೆಚ್ಚು ದಿನ ಕೊಡುತ್ತೇನೆ.

ಮರಗಳನ್ನು ಮೂರು ಗುಂಪು ಮಾಡಿ: ಗುಡ್ಡದಿಂದ ಗಾಳಿ ಬೀಸಿ ಹೋಗುವ ದಿಕ್ಕಿನವು, ಅಷ್ಟೇ ದೂರದಲ್ಲಿ ಎದುರು ದಿಕ್ಕಿನವು, ಹೊಗೆ ತಲುಪದಷ್ಟು ದೂರದವು. ಎಲ್ಲವೂ ಒಂದೇ ಜಾತಿ, ಹತ್ತಿರ ಹತ್ತಿರದ ವಯಸ್ಸು, ಒಂದೇ ಬಗೆಯ ಮಣ್ಣು. ಗುಂಪಿಗೆ ಕನಿಷ್ಠ ಹತ್ತು ಮರ ಬೇಕು; ಇಪ್ಪತ್ತಾದರೆ ನಿಶ್ಚಿಂತೆ. ಕೊಂಬೆ ಕಡಿಸಿಕೊಂಡವನ್ನೂ ದೊಡ್ಡ ರಸ್ತೆಗೆ ಅಂಟಿಕೊಂಡವನ್ನೂ ಬಿಡಿ. ಎಲ್ಲಕ್ಕಿಂತ ಮುಖ್ಯ, ಕಸ ಸುರಿಯಲು ಶುರುಮಾಡುವ ಮೊದಲೇ ಹುಟ್ಟಿದ ಮರಗಳು ಬೇಕು. ಹಿಂದಿನ ಒಳ್ಳೆಯ ದಿನಗಳ ಲೆಕ್ಕ ಅವುಗಳ ಒಳಗೇ, ಕಾಂಡಕ್ಕೆ ವರ್ಷಕ್ಕೊಂದರಂತೆ ಸೇರುವ ಉಂಗುರಗಳಲ್ಲಿ ಇರುತ್ತದೆ.

ತೇಗದಲ್ಲಿ ವರ್ಷದ ಉಂಗುರ ಸ್ಪಷ್ಟವಾಗಿ ಕಾಣುತ್ತದೆ. ವರ್ಷವಿಡೀ ಬೆಳೆಯುವ ಎಷ್ಟೋ ಉಷ್ಣವಲಯದ ಮರಗಳಲ್ಲಿ ಕಾಣುವುದಿಲ್ಲ. ಅಂಥಲ್ಲಿ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಬಣ್ಣದ ಗುರುತು ಹಾಕಿ, ಪ್ರತಿವರ್ಷ ಅದೇ ತಿಂಗಳು ಅದೇ ಗುರುತಿನ ಮೇಲೆ ಸುತ್ತಳತೆ ತೆಗೆಯಿರಿ.

ಉಂಗುರ ಓದಲು ಮರ ಕಡಿಯಬೇಕಿಲ್ಲ. ಇಂಕ್ರಿಮೆಂಟ್ ಬೋರರ್ ಎಂಬ ಟೊಳ್ಳು ಬೈರಿಗೆಯನ್ನು ಅದೇ ಎತ್ತರದಲ್ಲಿ ತಿರುಗಿಸಿದರೆ ಸುಮಾರು 5 ಮಿಲಿಮೀಟರ್ ದಪ್ಪದ ಮರದ ಕಡ್ಡಿ ಹೊರಬರುತ್ತದೆ. ಮರದ ಒಡೆಯರ ಮತ್ತು ಅರಣ್ಯ ಇಲಾಖೆಯ ಒಪ್ಪಿಗೆ ಮೊದಲೇ ಇರಲಿ. ಗಾಯ ಸಣ್ಣದಾದರೂ ಗಾಯವೇ. ಮರಕ್ಕೆ ಎರಡು ಕಡ್ಡಿ ತೆಗೆದು, ನೆರಳಲ್ಲಿ ಒಣಗಿಸಿ, ಸಣ್ಣ ಕಾಲುವೆ ಕೊರೆದ ಹಲಗೆಗೆ ಅಂಟಿಸಿ, ಒರಟಿನಿಂದ ನುಣುಪಿನ ಸ್ಯಾಂಡ್ ಪೇಪರಿನವರೆಗೆ ತಾಳ್ಮೆಯಿಂದ ಉಜ್ಜಿ. ಇಲ್ಲಿ ಅವಸರಪಟ್ಟರೆ ಕಿರಿದಾದ ಉಂಗುರಗಳು ಕಣ್ಣಿಗೇ ಬೀಳುವುದಿಲ್ಲ.

ಎಣಿಕೆ ತೊಗಟೆಯ ಕಡೆಯಿಂದ ಒಳಕ್ಕೆ. ಮಳೆ ಬಿಟ್ಟುಬಿಟ್ಟು ಬಂದ ವರ್ಷ ತೇಗ ಸುಳ್ಳು ಉಂಗುರ (ಒಂದೇ ವರ್ಷದಲ್ಲಿ ಇನ್ನೊಂದು) ಹಾಕುವುದುಂಟು; ತೀರಾ ಬಳಲಿದ ಮರದಲ್ಲಿ ಒಂದು ಉಂಗುರವೇ ತಪ್ಪಿಹೋಗುವುದೂ ಉಂಟು. ಬರಗಾಲದ ಕಿರಿದಾದ ಉಂಗುರ ಎಲ್ಲ ಕಡ್ಡಿಗಳಲ್ಲೂ ಒಂದೇ ವರ್ಷಕ್ಕೆ ಬರುತ್ತದೆಯೇ ಎಂದು ತಾಳೆ ನೋಡಿದರೆ ಎರಡೂ ಸಿಕ್ಕಿಬೀಳುತ್ತವೆ.

ಉಂಗುರದ ಅಗಲವನ್ನೇ ನಂಬಬೇಡಿ. 5 ಸೆಂಟಿಮೀಟರ್ ತ್ರಿಜ್ಯದ ಕಾಂಡಕ್ಕೆ 3 ಮಿಲಿಮೀಟರ್ ಉಂಗುರ ಸೇರಿದರೆ 9.7 ಚದರ ಸೆಂಟಿಮೀಟರ್ ಮರ. 15 ಸೆಂಟಿಮೀಟರ್ ತ್ರಿಜ್ಯದ ಕಾಂಡಕ್ಕೆ ಅದೇ ಉಂಗುರ ಎಂದರೆ 28.5. ಹೊರ ತ್ರಿಜ್ಯದ ವರ್ಗದಿಂದ ಒಳ ತ್ರಿಜ್ಯದ ವರ್ಗ ಕಳೆದು 3.14ರಿಂದ ಗುಣಿಸಿ. ಆಮೇಲೆ ಪ್ರತಿ ಮರದ ಬೆಳವಣಿಗೆಯನ್ನು ಕಸ ಬರುವ ಮೊದಲಿನ ಅದರದೇ ಸರಾಸರಿಯ ಜೊತೆ ಹೋಲಿಸಿ.

ಮೂರೂ ಗುಂಪು ಒಟ್ಟಿಗೆ ಕುಗ್ಗಿದ್ದರೆ ಅದು ಮಳೆಯ ಕಥೆ. ಗುಡ್ಡದ ಎರಡೂ ಬದಿ ಕುಗ್ಗಿ ದೂರದವು ಚೆನ್ನಾಗಿದ್ದರೆ ಮೊದಲು ನೆಲ ಅಗೆದು ಮೂಸಿ ನೋಡಿ. ಗಾಳಿ ಹೋಗುವ ದಿಕ್ಕಿನವು ಮಾತ್ರ ಕುಗ್ಗಿದ್ದರೆ ಹೊಗೆ, ದೂಳಿನ ಮೇಲಿನ ಸಂಶಯ ಗಟ್ಟಿ. ಕೆಲವೆಡೆ ಗುಡ್ಡದ ಪಕ್ಕದ ಮರಗಳೇ ದಪ್ಪವಾಗಿ ಬೆಳೆದಿರುತ್ತವೆ. ಕಸದ ರಸದಲ್ಲಿ ಸಾರಜನಕ ಇರುತ್ತದಲ್ಲ, ಅದು ಗೊಬ್ಬರವಾಗಿರಬಹುದು. ಅಲ್ಲಿಯ ಗಾಳಿ ಶುದ್ಧ ಎಂದು ಬರೆದುಬಿಡಬೇಡಿ. ಯಾವ ವಿಷ, ಎಷ್ಟು ಎಂಬುದನ್ನು ಉಂಗುರ ಹೇಳುವುದಿಲ್ಲ, ಅದಕ್ಕೆ ಗಾಳಿ ಅಳೆಯುವ ಯಂತ್ರವೇ ಬೇಕು. ಆ ಯಂತ್ರವನ್ನು ಎಲ್ಲಿ ಇಡಬೇಕೆಂದು ಕೇಳಿದಾಗ ತೋರಿಸಲು ನಿಮ್ಮ ಕೈಯಲ್ಲಿ ಒಂದು ನಕ್ಷೆ ಇರುತ್ತದೆ.