ವಾಲ್ವ್‌ಗೆ ರಿಂಗ್ ಹಾಕಿಸುವ ಮುಂಚೆ, ಹಾಕಿಸಿದ ಮೇಲೆ

ನಮ್ಮ ಅಮ್ಮನಿಗೆ ಹೃದಯದ ಮೈಟ್ರಲ್ ವಾಲ್ವ್ (ಎಡಗಡೆಯ ಎರಡು ಕೋಣೆಗಳ ನಡುವಿನ ಕವಾಟ) ಜಾಸ್ತಿ ಲೀಕ್ ಇತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಿಪೇರಿ ಮಾಡಿ ರಿಂಗ್ ಹಾಕಿದರು. ಈಗ ಆ ದಾರಿಯಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಈ ವಾಲ್ವ್ ಎರಡು ಕದದ ಬಾಗಿಲಿದ್ದ ಹಾಗೆ. ಚೌಕಟ್ಟು ಹಿಗ್ಗಿದರೆ ಕದಗಳು ಕೂಡುವುದಿಲ್ಲ, ರಕ್ತ ಹಿಂದಕ್ಕೆ ಸೋರುತ್ತದೆ. ಸರ್ಜನ್ ಮೊದಲು ಕದ ಸರಿಮಾಡಿ, ಆಮೇಲೆ ಅಳತೆ ನೋಡಿ ಬಟ್ಟೆ ಹೊದಿಸಿದ ರಿಂಗನ್ನು ಚೌಕಟ್ಟಿಗೆ ಹೊಲಿಯುತ್ತಾರೆ. ಸಲೈನ್ ತುಂಬಿಸಿ ಸೋರುತ್ತದಾ ಅಂತ ಅಲ್ಲೇ ನೋಡುತ್ತಾರೆ. ಪ್ಯಾರಿಸ್‌ನ ಹೃದಯದ ಸರ್ಜನ್ ಅಲೈನ್ ಕಾರ್ಪೆಂಟಿಯೆ 1960ರ ದಶಕದ ಕೊನೆಯಲ್ಲಿ ಹಾಕಿಕೊಟ್ಟ ದಾರಿ ಇದು.

ಅಡ್ಮಿಟ್ ಆಗುವ ಮುಂಚೆಯೇ ಹುಳುಕು ಹಲ್ಲು ತೋರಿಸಿಬಿಡಿ, ಅದರ ಸೋಂಕು ರಕ್ತದ ಮೂಲಕ ವಾಲ್ವ್‌ಗೆ ತಗಲಬಹುದು. ಸರ್ಜನ್ ಹತ್ತಿರ ಒಂದು ಪ್ರಶ್ನೆ ತಪ್ಪದೆ ಕೇಳಿ: ರಿಪೇರಿ ಆಗದಿದ್ದರೆ ಯಾವ ವಾಲ್ವ್ ಹಾಕುತ್ತೀರಿ? ಲೋಹದ್ದಾದರೆ ರಕ್ತ ಹೆಪ್ಪುಗಟ್ಟದಿರುವ ಮಾತ್ರೆ ಜೀವನಪೂರ್ತಿ ಬೇಕು. ಥಿಯೇಟರ್ ಬಾಗಿಲಲ್ಲಿ ನಿಂತು ತೀರ್ಮಾನ ಮಾಡುವ ಮಾತಲ್ಲ ಅದು.

ಮನೆಗೆ ಬಂದ ಮೇಲೆ, ಆಪರೇಷನ್ನಿಗೆ ಕೊಯ್ದ ಎದೆಮೂಳೆ ಕೂಡಲು 6ರಿಂದ 8 ವಾರ ಬೇಕು. ಕೆಮ್ಮು ಬಂದಾಗ ಅಮ್ಮ ಒಂದು ಗಟ್ಟಿ ದಿಂಬನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಳ್ಳುತ್ತಿದ್ದರು. ಮೂರನೇ ವಾರ, ನಾನು ಅಂಗಡಿಗೆ ಹೋದಾಗ, ಸುಮ್ನೆ ಇರಲಾರದೆ ತುಂಬಿದ ಕೊಡ ಎತ್ತಿಬಿಟ್ಟರು. ರಾತ್ರಿಯೆಲ್ಲ ನೋವು. ಆವತ್ತಿನಿಂದ ಕೊಡಕ್ಕೆ ಅರ್ಧ ಮಾತ್ರ ನೀರು ಹಿಡಿದು, ಒಲೆಯ ಪಕ್ಕ ನಾನೇ ಇಟ್ಟು ಹೋಗುತ್ತಿದ್ದೆ.

ರಿಂಗ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಿರುವ ಮಾತ್ರೆ ಸಾಮಾನ್ಯವಾಗಿ ಸುಮಾರು 3 ತಿಂಗಳು. ಎದೆಬಡಿತದ ತಾಳ ತಪ್ಪಿದ್ದರೆ ಇನ್ನೂ ಜಾಸ್ತಿ ದಿನ. ಐಎನ್‌ಆರ್ ಪರೀಕ್ಷೆಯ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವುದು) ಅಂಕಿ, ಮಾತ್ರೆಯ ಡೋಸ್ ಎರಡನ್ನೂ ನಾನು ಅಡುಗೆಮನೆಯ ಕ್ಯಾಲೆಂಡರ್ ಮೇಲೆಯೇ ಬರೆಯುತ್ತಿದ್ದೆ. ಸೊಪ್ಪು ಈ ಮಾತ್ರೆಯ ಕೆಲಸ ತಗ್ಗಿಸುತ್ತದೆ, ಆದರೂ ಬಿಡಬೇಕಿಲ್ಲ. ಒಂದು ವಾರ ಪಾಲಕ್ ಸಾರೇ ಸಾರು, ಇನ್ನೊಂದು ವಾರ ಏನೂ ಇಲ್ಲ ಅನ್ನುವ ಹಾಗೆ ಮಾಡಬೇಡಿ, ಅಷ್ಟೇ. ಮೈಕೈ ನೋವಿಗೆ ಅಂತ ಮೆಡಿಕಲ್ ಶಾಪಿನ ಮಾತ್ರೆ ನುಂಗಿಸಬೇಡಿ, ರಕ್ತಸ್ರಾವ ಆಗಬಹುದು, ಡಾಕ್ಟರಿಗೆ ಫೋನ್ ಮಾಡಿ.

ಮುಂದೆ ಯಾವಾಗ ಹಲ್ಲು ಕೀಳಿಸಬೇಕಾದರೂ ರಿಂಗ್ ಇದೆ ಅಂತ ಮೊದಲೇ ಹೇಳಿ, ಮುಂಚೆ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ಕಾರಣವಿಲ್ಲದೆ ಜ್ವರ ಬಂದು ಬಿಡದಿದ್ದರೆ ಕಾಯಬೇಡಿ. ವಾಲ್ವ್‌ಗೆ ಸೋಂಕು ತಗಲಿರಬಹುದು. ಸಂಧಿವಾತದ ಜ್ವರದಿಂದ (ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಫೀವರ್) ವಾಲ್ವ್ ಕೆಟ್ಟವರಾದರೆ, ಡಾಕ್ಟರ್ ಹೇಳುವವರೆಗೆ ಪೆನಿಸಿಲಿನ್ ಇಂಜೆಕ್ಷನ್ ನಿಲ್ಲಿಸಬೇಡಿ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ರಿಂಗಿನ ಹೆಸರು, ಸೈಜು ಇರುತ್ತದೆ. ಫೋಟೋ ತೆಗೆದು ಮನೆಯವರೆಲ್ಲರ ಫೋನಿನಲ್ಲಿ ಇಡಿ.